ಹೆದ್ದಾರಿ ಬಿಟ್ಟ ದಾರಿ: ಕಾರವಾರ, ಅಂಕೋಲೆಯಲ್ಲಿ ಸದ್ದಿಲ್ಲದ ಸೈಕಲ್ ರಸ್ತೆ ಹುಡುಕುವ ಪಾಠ

ಫ್ರಾನ್ಸಿನ ಹಳ್ಳಿಗಾಡಲ್ಲಿ ಸೈಕಲ್ ಹೊಡೆಯುವ ವಿಡಿಯೋಗಳನ್ನು ನಾವೆಲ್ಲ ಹಾಸ್ಟೆಲಿನಲ್ಲಿ ಕೂತು ನೋಡಿದವರೇ. ಎರಡೂ ಕಡೆ ದ್ರಾಕ್ಷಿ ತೋಟ, ದೂರದಲ್ಲೊಂದು ಹಳೇ ಕೋಟೆ, ಕಲ್ಲಿನ ಸೇತುವೆ, ರಸ್ತೆ ಮೇಲೆ ಒಂದೇ ಒಂದು ಕಾರಿಲ್ಲ. ನೋಡಿ ಮುಗಿದ ಮೇಲೆ ಯಾರಾದರೂ ಒಬ್ಬರು "ನಮ್ಮಲ್ಲಿ ಇದೆಲ್ಲ ಎಲ್ಲಿಂದ ಬರ್ಬೇಕು ಮಾರಾಯಾ" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮುಗಿಯಬೇಕಾಗಿಲ್ಲ. ಕಾರವಾರ ಮತ್ತು ಅಂಕೋಲೆ ತಾಲೂಕುಗಳಲ್ಲಿ ಅಂಥ ರಸ್ತೆಗಳಿವೆ. ಕೋಟೆಯೂ ಇದೆ, ನದಿಯೂ ಇದೆ, ಇತಿಹಾಸವಂತೂ ಬೇಕಾದಷ್ಟಿದೆ. ಆದರೆ ಆ ರಸ್ತೆಗಳಿಗೆ ಬೋರ್ಡ್ ಇಲ್ಲ, ಹುಡುಕಿಕೊಳ್ಳಬೇಕು. ಹುಡುಕುವುದಕ್ಕೆ ಸ್ವಲ್ಪ ಲೆಕ್ಕ, ಸ್ವಲ್ಪ ಚರಿತ್ರೆ, ಆ ಊರಿನ ಬಗ್ಗೆ ಸ್ವಲ್ಪ ತಿಳಿವಳಿಕೆ ಬೇಕು. ಈ ಪಾಠ ಅದರದ್ದು.

ಮೊದಲು ಫ್ರಾನ್ಸಿನವರು ಏನು ಮಾಡಿದ್ದಾರೆ ಅಂತ ನೋಡೋಣ. ಅಲ್ಲಿ ಸೈಕಲ್ ದಾರಿಗಳಲ್ಲಿ ಎರಡು ಜಾತಿ. ಒಂದು 'ವುವಾ ವೆರ್ತ್', ಅಂದರೆ ಹಸಿರು ದಾರಿ. ಇಲ್ಲಿಗೆ ಮೋಟಾರು ಗಾಡಿ ಬರುವಂತೆಯೇ ಇಲ್ಲ. ಇವುಗಳಲ್ಲಿ ಬಹಳಷ್ಟನ್ನು ಮುಚ್ಚಿಹೋದ ರೈಲು ಹಳಿಗಳ ಮೇಲೆ, ಕಾಲುವೆ ದಂಡೆಗಳ ಮೇಲೆ ಮಾಡಿದ್ದಾರೆ. ಪಿಯೆರ್ ಪೋಲ್ ರಿಕೆ ಎಂಬಾತ ಕಟ್ಟಿಸಿದ, 1681ರಲ್ಲಿ ಮುಗಿದ ಕನಾಲ್ ದ್ಯು ಮಿದಿ ಎಂಬ ಕಾಲುವೆ ಸುಮಾರು 240 ಕಿ.ಮೀ. ಉದ್ದವಿದೆ. ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ಅದರ ದಂಡೆಯ ಮೇಲೆ ಈಗ ಸೈಕಲ್ ಓಡುತ್ತದೆ. ಎರಡನೇ ಜಾತಿ 'ವೇಲೋರೂಟ್'. ನಮಗೆ ಉಪಯೋಗಕ್ಕೆ ಬರುವ ಪಾಠ ಇದರಲ್ಲಿದೆ. ಇದು ಹೊಸ ರಸ್ತೆಯೇ ಆಗಬೇಕೆಂದಿಲ್ಲ. ದೊಡ್ಡ ಗಾಡಿಗಳೆಲ್ಲ ಹೆದ್ದಾರಿಗೆ ಹೋದ ಮೇಲೆ ಖಾಲಿ ಉಳಿದ ಸಣ್ಣ ಡಾಂಬರು ರಸ್ತೆಗಳನ್ನು ಒಂದಕ್ಕೊಂದು ಪೋಣಿಸಿ, ತಿರುವಿನಲ್ಲೆಲ್ಲ ಒಂದು ಬೋರ್ಡ್ ನೆಟ್ಟು, ಇದೊಂದು ದಾರಿ ಅಂತ ಹೆಸರಿಡುತ್ತಾರೆ. ಲ್ವಾರ್ ನದಿಗುಂಟ ಸುಮಾರು 900 ಕಿ.ಮೀ. ಹೋಗುವ ಪ್ರಸಿದ್ಧ ದಾರಿಯಲ್ಲೂ ಇಂಥ ತುಂಡುಗಳು ಸಾಕಷ್ಟಿವೆ.

ಮೆಕ್ಯಾನಿಕಲ್‌ನವರಿಗಾಗಿ ಒಂದು ಮಾತು. ಸೈಕಲ್ ಪ್ರವಾಸವನ್ನು ಒಂದು ಜೀವನಕ್ರಮ ಅಂತ ಅಲ್ಲಿ ಪ್ರಚಾರ ಮಾಡಿದವರಲ್ಲಿ ಮೊದಲಿಗ ಸೇಂಟ್ ಎತಿಯೆನ್ ಊರಿನ ಪೋಲ್ ದ ವಿವಿ (1853–1930). ಬೆಟ್ಟ ಹತ್ತಲು ಗೇರು ಬೇಕೇ ಬೇಕು ಅಂತ ಜೀವನವಿಡೀ ವಾದಿಸಿದ. ಟೂರ್ ದ ಫ್ರಾನ್ಸ್ ಸ್ಪರ್ಧೆಯವರು ಮಾತ್ರ ಗೇರು ಬದಲಿಸುವ ಡೆರೇಲರ್‌ಗೆ ಅನುಮತಿ ಕೊಟ್ಟದ್ದು 1937ರಲ್ಲಿ! ಓಟ ಬೇರೆ, ಊರು ನೋಡುವ ಸವಾರಿ ಬೇರೆ. ನಾವು ಇಲ್ಲಿ ಮಾತಾಡ್ತಿರೋದು ಎರಡನೆಯದರ ಬಗ್ಗೆ.

ಹಾಗಾದರೆ ನಮ್ಮ ಕರಾವಳಿಯಲ್ಲಿ ಖಾಲಿ ಉಳಿದ ರಸ್ತೆ ಯಾವುದು? ಇದಕ್ಕೆ ನಕಾಶೆಗಿಂತ ಮೊದಲು ಬೆಟ್ಟ ನೋಡಬೇಕು. ಕಾರವಾರದಲ್ಲಿ ಸಹ್ಯಾದ್ರಿಯ ಚಾಚುಗಳು ನೇರ ಕಡಲಿಗೇ ಇಳಿಯುತ್ತವೆ. ಬೆಟ್ಟಕ್ಕೂ ನೀರಿಗೂ ನಡುವೆ ಉಳಿಯುವುದು ಒಂದು ಸಣ್ಣ ಪಟ್ಟಿ. ಆ ಪಟ್ಟಿಯಲ್ಲೇ ಊರುಗಳು, ಗದ್ದೆಗಳು, ರಾಷ್ಟ್ರೀಯ ಹೆದ್ದಾರಿ 66 (ನಮ್ಮ ಹಿರಿಯರ ಬಾಯಲ್ಲಿ ಇನ್ನೂ 17), ಮತ್ತು 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆ ಎಲ್ಲವೂ ಹಿಡಿಯಬೇಕು. ನೌಕಾನೆಲೆಗಾಗಿ ಬಿಣಗಾದಿಂದ ದಕ್ಷಿಣಕ್ಕೆ ಹಲವು ಊರುಗಳ ಕುಟುಂಬಗಳು ಕಡಲ ದಂಡೆ ಬಿಟ್ಟು ಬೇರೆ ಕಡೆ ಹೋಗಿ ಮನೆ ಕಟ್ಟಿಕೊಂಡವು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆಗೆ ಈ ಪಟ್ಟಿಯಲ್ಲಿ ಜಾಗವೇ ಸಾಲದೆ, ಕಾರವಾರದ ಹತ್ತಿರ ಅದು ಸುಮಾರು 3 ಕಿ.ಮೀ. ಸುರಂಗದೊಳಗೆ ನುಗ್ಗಿತು.

ಇದರಿಂದ ಸೈಕಲ್‌ನವನಿಗೆ ಬರುವ ತೀರ್ಮಾನ ಸ್ವಲ್ಪ ಕಹಿ. ಕಾರವಾರದಿಂದ ಅಂಕೋಲೆಗೆ ಕಡಲ ಬದಿಯಲ್ಲಿ ಹೆದ್ದಾರಿ ತಪ್ಪಿಸಿ ಉದ್ದಕ್ಕೂ ಹೋಗುವ ದಾರಿ ಇಲ್ಲ. ನಡುನಡುವೆ ಊರೊಳಗಿನ ತುಂಡು ರಸ್ತೆಗಳಿವೆ ಅಷ್ಟೇ. ಹೆದ್ದಾರಿ ಅಗಲ ಆಗಿದೆಯಲ್ಲ, ಅಂಚಿನಲ್ಲಿ ಹೋದ್ರಾಯ್ತು ಅನ್ನುವವರಿಗೆ ನಮ್ಮ ಅಭಿಪ್ರಾಯ ಒಂದೇ: ಬೇಡ. ಎರಡೂ ತಾಲೂಕನ್ನು ಎರಡು ಬೇರೆ ಬೇರೆ ಸವಾರಿ ಅಂತ ಮಾಡಿ. ಎರಡೂ ಕಡೆ ಹೆದ್ದಾರಿಗೆ ಬೆನ್ನು ಹಾಕಿ, ನದಿ ಹಿಡಿದು ಒಳಗೆ ಹೋಗಿ. ಕಾರವಾರದಲ್ಲಿ ಕಾಳಿ, ಅಂಕೋಲೆಯಲ್ಲಿ ಗಂಗಾವಳಿ.

ಈಗ ಲೆಕ್ಕ. 'ಸದ್ದಿಲ್ಲದ ರಸ್ತೆ' ಅಂದರೆ ಎಷ್ಟು ಗಾಡಿ? ಒಂದು ಒಳರಸ್ತೆಯಲ್ಲಿ ತಾಸಿಗೆ ಒಂದು ದಿಕ್ಕಿನಲ್ಲಿ 12 ಗಾಡಿ ಅಂತ ಇಟ್ಟುಕೊಳ್ಳೋಣ. ನೀವು ನಿಂತಿದ್ದರೆ ಸರಾಸರಿ 5 ನಿಮಿಷಕ್ಕೆ ಒಂದು. ಆದರೆ ನೀವು ನಿಂತಿಲ್ಲ, 15 ಕಿ.ಮೀ. ವೇಗದಲ್ಲಿ ಹೋಗ್ತಿದ್ದೀರಿ. ಗಾಡಿಗಳ ವೇಗ 45 ಅಂತಾದರೆ, ಹಿಂದಿನಿಂದ ಬಂದು ನಿಮ್ಮನ್ನು ದಾಟುವವು 12 ಅಲ್ಲ, 12ರ ಮೂರರಲ್ಲಿ ಎರಡು ಪಾಲು, ಅಂದರೆ 8 ಮಾತ್ರ. ಎದುರಿನಿಂದ ಸಿಗುವವು ಮಾತ್ರ 16. ಸೈಕಲ್‌ನವನ ಭಯ ಇರುವುದು ಹಿಂದಿನಿಂದ ಬರುವ ಗಾಡಿಯದ್ದು, ಎದುರಿಗೆ ಬರುವುದು ಕಣ್ಣಿಗಾದರೂ ಬೀಳುತ್ತದೆ. ಹಾಗಾಗಿ ತಾಸಿಗೆ ಎಂಟು ಸಲ ಹಿಂದೆ ತಿರುಗಿ ನೋಡುವ ರಸ್ತೆ ನಿಜಕ್ಕೂ ನೆಮ್ಮದಿಯ ರಸ್ತೆಯೇ. ಇದನ್ನೇ ತಾಸಿಗೆ 300 ಗಾಡಿ, 60 ಕಿ.ಮೀ. ವೇಗದ ಹೆದ್ದಾರಿಗೆ ಹಾಕಿ ನೋಡಿ. 225 ಗಾಡಿ ದಾಟುತ್ತವೆ. ಪ್ರತಿ 16 ಸೆಕೆಂಡಿಗೆ ಒಂದು. ಮಾತಾಡುವುದು ಬಿಡಿ, ಯೋಚನೆ ಮಾಡುವುದೂ ಆಗುವುದಿಲ್ಲ.

ಸದ್ದಿನ ಲೆಕ್ಕ ಇನ್ನೂ ವಿಚಿತ್ರ. ಡೆಸಿಬಲ್ ಲಾಗರಿದಮ್ ಅಳತೆ ಅಂತ ಮೊದಲ ಸೆಮಿಸ್ಟರಿನಲ್ಲೇ ಓದಿದ್ದೇವೆ. ಗಾಡಿಗಳು ಅರ್ಧಕ್ಕೆ ಇಳಿದರೆ ಇಳಿಯುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಗೊತ್ತಾಗುವುದೇ ಕಷ್ಟ. ಸದ್ದು ಅರ್ಧ ಆಯ್ತು ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ ಗಾಡಿಗಳು ಹತ್ತರಲ್ಲಿ ಒಂದು ಪಾಲಿಗೆ ಬರಬೇಕು. ಆದ್ದರಿಂದ ಭಾನುವಾರ ಬೆಳಿಗ್ಗೆ ಹೆದ್ದಾರಿ ಖಾಲಿ ಇರುತ್ತೆ ಅನ್ನುವ ಲೆಕ್ಕಾಚಾರ ನಡೆಯುವುದಿಲ್ಲ. ಬೇರೆ ದರ್ಜೆಯ ರಸ್ತೆಗೇ ಇಳಿಯಬೇಕು. ನಕಾಶೆಯಲ್ಲಿ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಅಂತ ಕೆಳಗೆ ಕೆಳಗೆ ಹೋಗಿ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಗಳ ಡಾಂಬರು ಅಗಲ ಸಾಮಾನ್ಯವಾಗಿ 3.75 ಮೀಟರ್. ಲಾರಿ ಎದುರಾದರೆ ಇಬ್ಬರಲ್ಲಿ ಒಬ್ಬರು ಬದಿಗೆ ಇಳಿಯಲೇಬೇಕು. ಅದರಿಂದಲೇ ಅಲ್ಲಿ ಯಾರೂ ಜೋರಾಗಿ ಹೋಗುವುದಿಲ್ಲ. ಕಿರಿದಾದ ರಸ್ತೆ ಸೈಕಲ್‌ಗೆ ಅಪಾಯ ಅನ್ನುವುದು ಪೂರ್ತಿ ನಿಜ ಅಲ್ಲ.

ಇನ್ನು ಕಾಳಿ ನದಿಯ ಸುತ್ತು. ಸದಾಶಿವಗಡದಿಂದ ಉತ್ತರ ದಂಡೆ ಹಿಡಿದು ಹಣಕೋಣ, ಉಳಗಾ ಮೇಲೆ ಕದ್ರಾ, ಅಲ್ಲಿ ಸೇತುವೆ ದಾಟಿ ಮಲ್ಲಾಪುರ, ಮತ್ತೆ ದಕ್ಷಿಣ ದಂಡೆಯಲ್ಲಿ ಕಿನ್ನರ, ಕಡವಾಡ ಮೇಲೆ ಕಾರವಾರ. ಪೂರ್ತಿ ಸುತ್ತಿದರೆ ಎಪ್ಪತ್ತು ಕಿ.ಮೀ. ಆಸುಪಾಸು. ಅಷ್ಟು ಬೇಡ ಅನ್ನುವವರು ಉಳಗಾವರೆಗೆ ಹೋಗಿ ಬಂದರೂ ಸವಾರಿಯ ಸಾರ ಸಿಗುತ್ತದೆ. ನಗರದ ಕಡೆಯಿಂದ ಶುರು ಮಾಡುವವರಿಗೆ ಒಂದೇ ಒಂದು ಕಠಿಣ ತುಂಡು, ಕಾಳಿ ಸೇತುವೆ. ನಲವತ್ತು ವರ್ಷ ದಾಟಿದ್ದ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಕುಸಿದು, ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿದ. ಅದಾದ ಮೇಲೆ ಎರಡೂ ದಿಕ್ಕಿನ ಗಾಡಿಗಳು ಪಕ್ಕದ ಹೊಸ ಸೇತುವೆಯ ಪಾಲಿಗೆ ಬಿದ್ದವು. ಬೆಳಕು ಹರಿಯುವ ಹೊತ್ತಿಗೇ ಅದನ್ನು ದಾಟಿಬಿಡಿ, ಹಿಂದಿನ ಕೆಂಪು ದೀಪ ಹೊತ್ತಿಸಿಕೊಂಡು.

ಸೇತುವೆ ಮುಗಿಯುತ್ತಲೇ ಎದುರಾಗುವ ಗುಡ್ಡವೇ ಸದಾಶಿವಗಡ. ಸೋಂದೆಯ ಅರಸ ಬಸವಲಿಂಗ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟ ಕೋಟೆ. ನದಿ ಬಾಯಿ, ಕಡಲು, ಒಳನಾಡಿನ ದಾರಿ ಮೂರನ್ನೂ ಒಂದೇ ಗುಡ್ಡದ ಮೇಲಿಂದ ಕಾಯಬಹುದಾದ ಜಾಗ. ಸರ್ವೇಯಿಂಗ್ ಓದಿದವರಿಗೆ ಇಲ್ಲಿ ನಿಂತರೆ ಆ ಕಾಲದವರ ಸೈಟ್ ಆಯ್ಕೆಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇಲ್ಲಿಂದ ಪೂರ್ವಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಹೆದ್ದಾರಿಯ ಸದ್ದು ನಿಲ್ಲುತ್ತದೆ.

ಹಣಕೋಣದಲ್ಲಿ ಸಾತೇರಿ ದೇವಿಯ ಗುಡಿಯಿದೆ. ವರ್ಷದಲ್ಲಿ ಏಳು ದಿನ ಮಾತ್ರ ಬಾಗಿಲು ತೆರೆಯುವ ದೇವಸ್ಥಾನ. ಆ ಏಳು ದಿನ ಈ ರಸ್ತೆ ಜನರಿಂದ ತುಂಬಿರುತ್ತದೆ, ಉಳಿದ ದಿನಗಳಲ್ಲಿ ಬಾಗಿಲು ಹಾಕಿದ ಗುಡಿಯ ಮುಂದೆ ನೀವೂ ನಿಮ್ಮ ಸೈಕಲ್ಲೂ ಅಷ್ಟೇ. ಮುಂದೆ ನದಿ ಒಮ್ಮೆ ಕಾಣುತ್ತದೆ, ಒಮ್ಮೆ ತೆಂಗಿನ ತೋಟದ ಹಿಂದೆ ಮರೆಯಾಗುತ್ತದೆ. ಇಲ್ಲಿನ ಕಾಳಿ ಉಬ್ಬರ ಇಳಿತದ ನದಿ. ಬೆಳಿಗ್ಗೆ ಹೋಗುವಾಗ ತುಂಬಿದ್ದ ಜಾಗದಲ್ಲಿ ವಾಪಸ್ ಬರುವಾಗ ಕೆಸರು, ಕಾಂಡ್ಲಾ ಗಿಡಗಳ ಬೇರು, ಚಿಪ್ಪಿ ಆರಿಸುವ ಹೆಂಗಸರು ಕಂಡರೆ ಆಶ್ಚರ್ಯ ಬೇಡ.

ರವೀಂದ್ರನಾಥ ಟ್ಯಾಗೋರ್ 1883ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲೇ. ಕಾರವಾರದ ಕಡಲತೀರಕ್ಕೆ ಅವರ ಹೆಸರಿರುವುದು ಎಲ್ಲರಿಗೂ ಗೊತ್ತು. ಆದರೆ ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಮನಸೋತು ಬರೆದದ್ದರಲ್ಲಿ ಕಾಳಿ ನದಿಯ ಒಂದು ಸಂಜೆಯೂ ಇದೆ. ದೋಣಿಯಲ್ಲಿ ನದಿ ಮೇಲಕ್ಕೆ ಹೋಗಿದ್ದು, ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿದ್ದು, ಬೆಳದಿಂಗಳಲ್ಲಿ ಪ್ರವಾಹದ ಜತೆ ತೇಲುತ್ತಾ ನದಿ ಬಾಯಿಗೆ ಬಂದು, ಅಲ್ಲಿಂದ ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದ್ದು. ಅವರು ಹುಟ್ಟು ಹಾಕಿ ಹೋದ ದಾರಿಗೆ ನಾವು ಪೆಡಲ್ ಹಾಕುತ್ತೇವೆ. ವೇಗ ಹೆಚ್ಚು ಕಡಿಮೆ ಅದೇ!

ದಕ್ಷಿಣ ದಂಡೆಯ ಕಡವಾಡದ ಕಥೆ ಇನ್ನೂ ಹಳೆಯದು. ಕಾರವಾರ ಅನ್ನುವ ಹೆಸರೇ ಕಡವಾಡದಿಂದ ಬಂತು ಅಂತ ಹೇಳುತ್ತಾರೆ. ಹಳೇ ಕಾರವಾರ ಇದ್ದದ್ದು ಈಗಿನ ಪೇಟೆಯಲ್ಲಲ್ಲ, ನದಿಯ ಒಳಗೆ, ಪೂರ್ವದ ಕಡೆ. 1638ರಲ್ಲಿ ವಿಲಿಯಂ ಕೋರ್ಟೀನ್‌ನ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದರು. ಘಟ್ಟದ ಮೇಲಿನ ನೇಕಾರರ ತೆಳು ಮಸ್ಲಿನ್ ಬಟ್ಟೆ, ಕಾಳುಮೆಣಸು ಇಲ್ಲಿಂದ ಹಡಗು ಹತ್ತುತ್ತಿದ್ದವು. ಈಗಿನ ಪೇಟೆ ಬೆಳೆದದ್ದು 1862ರ ನಂತರ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೆ ಏರಿಸಲು ಕಾರವಾರ ಬಂದರು ಬೇಕಾಯಿತು. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಘಟ್ಟಕ್ಕೆ ರಸ್ತೆ ಕಡಿದರು. ಮುಂದೆ 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವಾಕ್ಕೆ ಹೋಯಿತು, ಸರಕೂ ಅದರ ಹಿಂದೆ ಹೋಯಿತು. ಕಾರವಾರಕ್ಕೆ ರೈಲು ಬರಲು ಮತ್ತೆ ನೂರು ವರ್ಷ ಬೇಕಾಯಿತು. ಒಂದು ಊರಿನ ವ್ಯಾಪಾರ ಹೋದದ್ದು ಸಂತೋಷದ ವಿಷಯವೇನಲ್ಲ. ಆದರೆ ನಾವು ಈಗ ಅನುಭವಿಸುವ ಸದ್ದಿಲ್ಲದ ದಾರಿಗೆ ಅಂಥ ಒಂದು ಕಾರಣವೂ ಇದೆ ಅನ್ನುವುದು ಗೊತ್ತಿರಲಿ. ಫ್ರಾನ್ಸಿನ ಮುಚ್ಚಿದ ರೈಲು ಹಳಿಗಳೂ ಒಂದು ಕಾಲದಲ್ಲಿ ಯಾರದೋ ಹೊಟ್ಟೆಪಾಡೇ.

ಕದ್ರಾದಲ್ಲಿ ಅಣೆಕಟ್ಟು. ಕಾಳಿ ಜಲವಿದ್ಯುತ್ ಸರಣಿಯಲ್ಲಿ ಕಡಲಿಗೆ ಹತ್ತಿರದ್ದು, 150 ಮೆಗಾವ್ಯಾಟ್. ಇದರ ಹಿನ್ನೀರಿನ ದಂಡೆಯಲ್ಲೇ ಕೈಗಾ ಸ್ಥಾವರ, ಅಲ್ಲಿನ ಮೊದಲ ಘಟಕ 2018ರ ಕೊನೆಯಲ್ಲಿ 962 ದಿನ ನಿಲ್ಲದೆ ಓಡಿದ ದಾಖಲೆ ಮಾಡಿತು. ಎಲೆಕ್ಟ್ರಿಕಲ್‌ನವರು ಇಲ್ಲಿ ಅರ್ಧ ತಾಸು ಜಾಸ್ತಿ ನಿಲ್ಲುತ್ತಾರೆ, ಅದನ್ನು ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಸ್ಥಾವರದ ಪಾಳಿ ಬದಲಾಗುವ ಹೊತ್ತಲ್ಲಿ ಮಲ್ಲಾಪುರದ ಸುತ್ತ ಬಸ್ಸುಗಳ ಓಡಾಟ ಇರುತ್ತದೆ. ಇದಕ್ಕಾಗಿಯೇ ನಾವು ಉತ್ತರ ದಂಡೆಯಲ್ಲಿ ಹೋಗಿ ದಕ್ಷಿಣ ದಂಡೆಯಲ್ಲಿ ವಾಪಸ್ ಬರುವ ಕ್ರಮ ಹೇಳುವುದು. ಮಲ್ಲಾಪುರವನ್ನು ಪಾಳಿಗಳ ನಡುವಿನ ಹೊತ್ತಿನಲ್ಲಿ ದಾಟಬಹುದು.

ವಾಪಸ್ ಬರುವ ಹೊತ್ತಿಗೆ ಇನ್ನೊಂದು ಕಾರಣವೂ ಇದೆ, ಗಾಳಿ. ಬಿಸಿಲೇರಿದ ಮೇಲೆ ನೆಲ ಕಾದು ಕಡಲಿಂದ ಒಳಕ್ಕೆ ಗಾಳಿ ಬೀಸತೊಡಗುತ್ತದೆ. ನೀವು ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಸರಿಯಾಗಿ ಅದರ ಮುಖಕ್ಕೇ ಬರ್ತಿರ್ತೀರಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಾಳಿಯಿಲ್ಲದಾಗ 15 ಕಿ.ಮೀ. ವೇಗದಲ್ಲಿ ಗಾಳಿ ತಡೆಗೆ ಬೇಕಾಗುವುದು ಸುಮಾರು 26 ವ್ಯಾಟ್. ಎದುರಿಂದ ಅಷ್ಟೇ ವೇಗದ ಗಾಳಿ ಬಂದರೆ ನಿಮ್ಮ ಎದೆಗೆ ತಾಗುವ ಗಾಳಿಯ ವೇಗ 30 ಆಗುತ್ತದೆ. ತಡೆ ನಾಲ್ಕು ಪಟ್ಟು, ಬೇಕಾದ ಶಕ್ತಿಯೂ ನಾಲ್ಕು ಪಟ್ಟು, ನೂರು ವ್ಯಾಟ್ ದಾಟುತ್ತದೆ. ಟಯರಿನ ಉರುಳು ತಡೆ ಬೇರೆ. ಮಧ್ಯಾಹ್ನ ಹನ್ನೆರಡರೊಳಗೆ ಕಡವಾಡ ಸೇರುವಂತೆ ಹೊರಡಿ ಅನ್ನುವುದು ಈ ಲೆಕ್ಕದಿಂದಲೇ.

ಅಂಕೋಲೆಯ ಸವಾರಿ ಬೇರೆ ತರಹದ್ದು. ಕಾಳಿಯಂತೆ ಒಂದು ದೊಡ್ಡ ಸುತ್ತು ಇಲ್ಲಿಲ್ಲ, ಪೇಟೆಯಿಂದ ಬೆರಳು ಚಾಚಿದಂತೆ ಸಣ್ಣ ಸಣ್ಣ ರಸ್ತೆಗಳು. ಹೊರಡುವ ಜಾಗ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನ ಇರಲಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಈ ಊರಲ್ಲಿ. ಆ ಉಪ್ಪಿನ ಮೊದಲ ಪೊಟ್ಟಣವನ್ನು ಹರಾಜಿನಲ್ಲಿ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಆಗಿನ 30 ರೂಪಾಯಿ!

ಅಲ್ಲಿಂದ ಕೇಣಿ, ಬೆಳಂಬಾರ, ಮಂಜಗುಣಿ ಕಡೆ ಇಳಿಯಿರಿ. ಏರಿಳಿತ ಕಡಿಮೆ, ಗೇರಿಲ್ಲದ ಸೈಕಲ್ಲೂ ಸಾಕು. ಒಂದು ಕಡೆ ಮೀನುಗಾರರ ಕೇರಿ, ಇನ್ನೊಂದು ಕಡೆ ಗಜನಿ ಗದ್ದೆ. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಭೂಮಿ ಇದು. ಸಿವಿಲ್‌ನವರಿಗೆ ಒಡ್ಡಿನ ತೂಬು ನೋಡುವುದೇ ಒಂದು ಪಾಠ. ಇಳಿತದಲ್ಲಿ ಒಳನೀರು ಹೊರಗೆ ಹೋಗಬೇಕು, ಉಬ್ಬರದಲ್ಲಿ ಹೊರನೀರು ಒಳಗೆ ಬರಬಾರದು, ನಡುವೆ ಮೋಟಾರಿಲ್ಲ. ಮಂಜಗುಣಿಯಲ್ಲಿ ಮೊದಲು ದೋಣಿ ಹತ್ತಿ ದಾಟಬೇಕಿದ್ದ ಗಂಗಾವಳಿಗೆ ಈಗ ಸೇತುವೆ ಬಂದಿದೆ. ದಾಟಿದರೆ ಗೋಕರ್ಣದ ಸೀಮೆ, ಮುಂದೆ ಸಾಣಿಕಟ್ಟೆಯ ಉಪ್ಪಿನಾಗರ. ಬೇಸಗೆಯಲ್ಲಿ ಹೋದರೆ ಉಪ್ಪು ಎಳೆದು ಗುಡ್ಡೆ ಹಾಕುವುದನ್ನು ನೋಡಬಹುದು. ವಾರಾಂತ್ಯದಲ್ಲಿ ಮಾತ್ರ ಗೋಕರ್ಣದ ಹತ್ತಿರ ಹೋಗಬೇಡಿ, ಕಾರುಗಳ ಜಾತ್ರೆ.

ಒಳನಾಡಿನ ಬೆರಳುಗಳು ಬೇರೆ. ಹೊಸಕಂಬಿಯಿಂದ ಹಿಲ್ಲೂರು ಮೇಲೆ ಮಾದನಗೇರಿಗೆ ಹೋಗುವ ರಸ್ತೆ, ಅಚವೆ ಕಡೆಯ ರಸ್ತೆ, ಅಲ್ಲಿಂದ ವಿಭೂತಿ ಜಲಪಾತ, ಯಾಣದ ದಿಕ್ಕು. ಇಲ್ಲಿ ಕಾಡು, ಅಡಿಕೆ ತೋಟ, ಏರು. 85 ಕಿಲೋ (ನೀವು, ಸೈಕಲ್, ನೀರು, ಅವಲಕ್ಕಿ ಡಬ್ಬಿ ಎಲ್ಲ ಸೇರಿ) ಭಾರವನ್ನು ನೂರಕ್ಕೆ ಐದರ ಏರಿನಲ್ಲಿ 8 ಕಿ.ಮೀ. ವೇಗದಲ್ಲಿ ಒಯ್ಯಲು ಗುರುತ್ವಕ್ಕೇ ಸುಮಾರು 93 ವ್ಯಾಟ್ ಬೇಕು. ಪೋಲ್ ದ ವಿವಿ ಗೇರಿಗಾಗಿ ಜಗಳಾಡಿದ್ದು ಯಾಕೆ ಅಂತ ಆಗ ತಿಳಿಯುತ್ತದೆ. ಇಳಿದು ತಳ್ಳಿದರೆ ಮರ್ಯಾದೆ ಹೋಗುವುದಿಲ್ಲ. ತಳ್ಳುವವರ ಹತ್ತಿರ ಊರಿನವರು ಹೆಚ್ಚು ಮಾತಾಡುತ್ತಾರೆ. "ಎಲ್ಲಿಗೆ ಹೊಂಟ್ರಿ ತಮಾ, ಪೆಟ್ರೋಲ್ ಖಾಲಿಯಾ?" ಅಂತ ಕೇಳಿದ ಅಜ್ಜಿಯ ಮನೆ ಜಗಲಿಯಲ್ಲೇ ನಮಗೆ ಮುರುಗಲು ಪಾನಕ ಸಿಕ್ಕಿದ್ದು.

ಈ ತಾಲೂಕಿನ ದೊಡ್ಡ ಹೆಸರುಗಳು ಇರುವುದೂ ಇಂಥ ಒಳ ಊರುಗಳಲ್ಲೇ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಗಿಡಗಳನ್ನೇ ಓದಿದ ಪದ್ಮಶ್ರೀ ತುಳಸಿ ಗೌಡ ಹೊನ್ನಳ್ಳಿಯವರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಬಡಿಗೇರಿಯವರು, ಅವರು ಹೋದದ್ದು 2025ರ ಫೆಬ್ರವರಿಯಲ್ಲಿ. ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಚುಟುಕ ಬರೆದ, ಗೇಣಿ ರೈತರ ಪರ ನಿಂತ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದ ದಿನಕರ ದೇಸಾಯಿಯವರ ಊರು ಅಲಗೇರಿ. 1932ರ ಕರನಿರಾಕರಣೆಯಲ್ಲಿ ಅಂಕೋಲೆಯ ರೈತರು ಕಂದಾಯ ಕೊಡುವುದಿಲ್ಲ ಅಂತ ಕೂತು, ಜಮೀನು ಜಪ್ತಿಯಾದರೂ ಅಲುಗಲಿಲ್ಲ. ಹೆದ್ದಾರಿಯಲ್ಲಿ ಹೋಗುವವರಿಗೆ ಈ ಊರುಗಳಲ್ಲಿ ಹೆಚ್ಚಿನವು ಬರೀ ಅಡ್ಡರಸ್ತೆಯ ಬೋರ್ಡು.

ಈ ದಾರಿಗಳು ಎಷ್ಟು ದಿನ ಸದ್ದಿಲ್ಲದೆ ಇರುತ್ತವೆ? ಇದು ಸೈಕಲ್‌ಗಿಂತ ದೊಡ್ಡ ಪ್ರಶ್ನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು, ಚಹಾದಂಗಡಿ, ನಿಂತಿದ್ದ ಲಾರಿ, ಜನ ಎಲ್ಲ ಮಣ್ಣಿನೊಂದಿಗೆ ಗಂಗಾವಳಿಗೆ ಹೋದರು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಹೊಡೆಯಿತು. ಹೆದ್ದಾರಿ ಮುಚ್ಚಿತು, ಗಾಡಿಗಳನ್ನು ಹಿಲ್ಲೂರು, ಮಾದನಗೇರಿಯ ಆ ಒಳರಸ್ತೆಗೆ ತಿರುಗಿಸಿದರು. ಗುಡ್ಡವನ್ನು ನೆಟ್ಟಗೆ ಕಡಿದು ಅಗಲ ಮಾಡಿದ ರಸ್ತೆ ನಿಂತುಹೋದಾಗ, ಗುಡ್ಡವನ್ನು ಬಳಸಿ ಹೋದ ಹಳೇ ಸಣ್ಣ ರಸ್ತೆ ಊರುಗಳನ್ನು ಜೋಡಿಸಿ ಇಟ್ಟಿತು. ಜಿಯೋಟೆಕ್ನಿಕಲ್ ಓದುವವರು ಆ ಎರಡೂ ರಸ್ತೆಗಳನ್ನು ಒಂದೇ ದಿನ ನೋಡಿ ಬರಬೇಕು.

ಇನ್ನು ಮುಂದೆ ಬರಲಿರುವುದು. ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಬಂದರು ಕಟ್ಟಲು 2023ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಗೆ ಒಪ್ಪಿಗೆ ಸಿಕ್ಕಿದೆ, ಮೀನುಗಾರರು ವಿರೋಧಿಸುತ್ತಿದ್ದಾರೆ. ಅಲಗೇರಿ ಸುತ್ತ ನಾಗರಿಕ ವಿಮಾನ ನಿಲ್ದಾಣಕ್ಕೆ ಜಮೀನು ಗುರುತಿಸಿದ್ದಾರೆ. ಬಂದರು ಬೇಡ, ನಿಲ್ದಾಣ ಬೇಡ ಅಂತ ಹೇಳುವ ಲೇಖನ ಇದಲ್ಲ. ಇಂಥ ಯೋಜನೆಗಳಲ್ಲೇ ನಮ್ಮಲ್ಲಿ ಹಲವರಿಗೆ ನಾಳೆ ಕೆಲಸ ಸಿಗುತ್ತದೆ, ನಕಾಶೆಯ ಮೇಲೆ ಗೆರೆ ಎಳೆಯುವವರೂ ನಾವೇ ಆಗಿರುತ್ತೇವೆ. ಅದಕ್ಕೇ ಒಂದು ಸಂಗತಿ ಗಮನಿಸಿ. ರಸ್ತೆ ಅಗಲ ಮಾಡುವ ಮೊದಲು ಗಾಡಿ ಎಣಿಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕ್ರಮದಂತೆ ಏಳು ದಿನ, ದಿನಕ್ಕೆ 24 ತಾಸು. ಎಣಿಸಿದ್ದನ್ನೆಲ್ಲ ಪಿಸಿಯು ಎಂಬ ಕಾರಿನ ಅಳತೆಗೆ ತರುತ್ತಾರೆ. ಕಾರು 1 ಆದರೆ ಲಾರಿ, ಬಸ್ಸು 3, ಸೈಕಲ್ 0.5. ರಸ್ತೆಯ ಜಾಗ ಎಷ್ಟು ತಿನ್ನುತ್ತದೆ ಅನ್ನುವುದಕ್ಕೆ ಇದು ಸರಿಯಾದ ಅಳತೆಯೇ. ಆದರೆ ಬೆಳಿಗ್ಗೆ ಶಾಲೆಗೆ ಸಾಲಾಗಿ ಹೋಗುವ ಹುಡುಗಿಯರ ಇಪ್ಪತ್ತು ಸೈಕಲ್ ಈ ಲೆಕ್ಕದಲ್ಲಿ ಹತ್ತು ಕಾರಿನಷ್ಟು ಅಡ್ಡಿ ಅಂತ ಮಾತ್ರ ಕಾಣುತ್ತವೆ. ಮೀನಿನ ಬುಟ್ಟಿ ಹೊತ್ತು ನಡೆಯುವವರು ಪಿಸಿಯುಗೆ ಬರುವುದೇ ಇಲ್ಲ. ರಸ್ತೆ ಖಾಲಿ ಇದೆ ಅಂತ ಪಟ್ಟಿ ಹೇಳುವಾಗ ನಿಜಕ್ಕೂ ಅದು ಖಾಲಿ ಇರುವುದಿಲ್ಲ.

ಆದ್ದರಿಂದ ಸವಾರಿಗೆ ಹೋಗುವವರು ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ ಅಂತ ನಮ್ಮ ಕೋರಿಕೆ. ಒಂದು ಕಟ್ಟೆ ಮೇಲೆ ಅರ್ಧ ತಾಸು ಕೂತು ನಾಲ್ಕು ಸಾಲು ಬರೆಯಿರಿ: ಮೋಟಾರು ಗಾಡಿ, ಸೈಕಲ್, ನಡೆಯುವವರು, ದನ. ಜಾಗ, ದಿನ, ಹೊತ್ತು ಬರೆಯುವುದು ಮರೆಯಬೇಡಿ. ಒಂದೇ ಅರ್ಧ ತಾಸಿನ ಎಣಿಕೆ ಯಾವುದಕ್ಕೂ ಸಾಕಾಗುವುದಿಲ್ಲ. ಬಸ್ಸು ಬಂದ ಹೊತ್ತಲ್ಲಿ ಎಲ್ಲವೂ ಒಟ್ಟಿಗೇ ಬರುತ್ತವೆ, ಆಮೇಲೆ ಯಾರೂ ಇಲ್ಲ. ಆದರೆ ಎರಡು ವರ್ಷ, ಬೇರೆ ಬೇರೆ ತಂಡಗಳು, ಅದೇ ಹತ್ತು ಜಾಗಗಳಲ್ಲಿ ಎಣಿಸಿದರೆ ಅದು ಒಂದು ದಾಖಲೆ ಆಗುತ್ತದೆ. ಯಾರಾದರೂ ಗ್ರಾಮಸಭೆಯಲ್ಲಿ ಇಡಬಹುದಾದ ದಾಖಲೆ. ವೇಲೋರೂಟ್ ಥರ ಇಲ್ಲೂ ಬೋರ್ಡ್ ನೆಡಬೇಕು ಅಂತ ಮುಂದೆ ಕೇಳುವವರಿಗೂ ಇದೇ ಮೊದಲ ಕಾಗದ.

ಉಳಿದದ್ದು ವ್ಯವಹಾರ. ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ. ಮಾರ್ಚಿನಲ್ಲಿ ಹೋಳಿ ಹೊತ್ತಿಗೆ ಹೋದರೆ ಹಾಲಕ್ಕಿಗಳ ಸುಗ್ಗಿ ಮೇಳ ಊರಿಂದೂರಿಗೆ ನಡೆದು ಬರುವುದು ಸಿಗುತ್ತದೆ. ಆಗ ಸೈಕಲ್ ಇಳಿದು ಬದಿಗೆ ನಿಲ್ಲಿ, ಕೇಳದೆ ಫೋಟೋ ಹೊಡೆಯಬೇಡಿ. ಮೇ ತಿಂಗಳ ಸೆಖೆಯಲ್ಲೂ ಹೋಗುತ್ತೇವೆ ಅನ್ನುವವರಿಗೆ ಅಂಕೋಲೆಯ ಕರಿ ಈಶಾಡು ಮಾವು ಬಹುಮಾನ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕ ಹಣ್ಣು, ದೂರದ ಪೇಟೆಗೆ ಹೋಗುವಷ್ಟು ತಾಳುವುದಿಲ್ಲ, ಹೋಗಿಯೇ ತಿನ್ನಬೇಕು. ಜೂನಿನಿಂದ ಸೆಪ್ಟೆಂಬರ್ ಬೇಡ. ಮರದ ನೆರಳಿನ ಡಾಂಬರಿನ ಮೇಲೆ ಪಾಚಿ ಕಟ್ಟಿರುತ್ತದೆ, ಬ್ರೇಕ್ ಹಿಡಿದರೂ ಚಕ್ರ ಜಾರುತ್ತದೆ. ಅಣೆಕಟ್ಟಿಂದ ನೀರು ಬಿಟ್ಟರೆ ಕಾಳಿ ದಂಡೆಯ ರಸ್ತೆಗೂ ನೀರು ಬರಬಹುದು, 2019ರ ಆಗಸ್ಟಿನಲ್ಲಿ ಹಾಗೇ ಆಗಿತ್ತು. ತೆಳ್ಳನೆ ಟಯರು ಬೇಡ, 35 ಮಿಲಿಮೀಟರ್ ಆಸುಪಾಸಿನದ್ದು ಸಾಕು. ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು, ಎರಡು ಬಾಟಲಿ ನೀರು. ನೆಟ್‌ವರ್ಕ್ ಕದ್ರಾ ಕಡೆಯ ಕಾಡಲ್ಲಿ ನಂಬುವಂಥದ್ದಲ್ಲ, ಆದ್ದರಿಂದ ನಕಾಶೆ ಮೊದಲೇ ಇಳಿಸಿಕೊಳ್ಳಿ, ಇಲ್ಲಾಂದ್ರೆ ಗೂಡಂಗಡಿಯಲ್ಲಿ ಒಂದು ಬನ್ಸ್ ತಿಂದು ದಾರಿ ಕೇಳಿ. ಕಾಳಿ ಸುತ್ತಿಗೆ ಬೆಳಿಗ್ಗೆ ಐದೂವರೆಗೆ ಹೊರಟರೆ ಎಲ್ಲ ಸರಿಹೋಗುತ್ತದೆ.